ಮೊದಲ ಬೆಂಚಿನ ಬೇಹುಗಾರ್ತಿ

ನಾಟಕದ ಪಾಠ ಶುರುವಾಗಿ ಮೂರು ವಾರವಾಗಿತ್ತು; ಟೀಚರ ನೆಮ್ಮದಿ ಹಾಳಾಗಿ ಎರಡು. ಹಳೆಯ ದುರಂತ ನಾಟಕ ಅದು. ಒಬ್ಬ ರಾಜ, ಅವನಿಗಾಗಿ ಪ್ರಾಣ ಕೊಡಲೂ ಸಿದ್ಧನಿರುವ ಒಬ್ಬ ಸೇನಾಪತಿ. ರಾಜನ ತಲೆಗೆ ಅನುಮಾನದ ಹುಳ ಹೊಕ್ಕು, ಕೊನೆಗೆ ಸೇನಾಪತಿಯ ತಲೆ ಉರುಳುತ್ತದೆ. ಆದರೆ ಹತ್ತನೇ ತರಗತಿಯವರಿಗೆ ಸಿಂಹಾಸನ, ನಿಷ್ಠೆ ಎಂದರೆ ಆಕಳಿಕೆ. ಪಾಠಕ್ಕೆ ಕಳೆ ಬರಲೆಂದು ಟೀಚರು ನಡುನಡುವೆ ತಮ್ಮದೂ ಒಂದೊಂದು ಮಾತು ಸೇರಿಸುತ್ತಿದ್ದರು. ಕುರ್ಚಿ ಸಿಕ್ಕ ಮೇಲೆ ಯಾರಿಗೂ ಕನ್ನಡಿ ಬೇಡ, ಹೊಗಳುವವರು ಬೇಕು. ದೂರ ಯಾಕೆ, ಕೆಳಗಿನ ಮಹಡಿಯನ್ನೇ ನೋಡಿ ಎಂದಿದ್ದರು. ಕೆಳಗಿನ ಮಹಡಿಯಲ್ಲಿ ಹೆಡ್‌ಮಾಸ್ಟರ ಕೋಣೆ. ಮಕ್ಕಳು ಬಿದ್ದು ಬಿದ್ದು ನಕ್ಕಿದ್ದರು.

ಸೋಮವಾರ ಮೆಟ್ಟಿಲ ಮೇಲೆ ಹೆಡ್‌ಮಾಸ್ಟರು ಎದುರಾದರು.

"ಕೆಳಗಿನ ಮಹಡಿಗೆ ಒಂದು ಕನ್ನಡಿ ತರಿಸೋಣ ಅಂತಿದೀನಿ ಟೀಚರ್" ಎಂದು ನಕ್ಕರು. ಟೀಚರಿಗೆ ಕಂಡದ್ದು ಬರೀ ಹಲ್ಲು. ಅವರ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆಗಬೇಕಾದರೆ ಇದೇ ಮನುಷ್ಯನ ಸಹಿ ಬೀಳಬೇಕು.

ಅದೇ ವಾರ ಪಾಠದಲ್ಲಿ ರಾಜಸಭೆ ಬಂತು. ನಮ್ಮ ಮೀಟಿಂಗಿನಲ್ಲೂ ತಲೆಯಾಡಿಸಿದವರಿಗೇ ಬಿಸ್ಕತ್ತು ಎಂದು ಬಾಯಿ ತಪ್ಪಿ ಅಂದುಬಿಟ್ಟರು. ಮುಂದಿನ ಸೋಮವಾರದ ಮೀಟಿಂಗಿನಲ್ಲಿ ಹೆಡ್‌ಮಾಸ್ಟರು ತಟ್ಟೆಯನ್ನು ಅವರ ಮುಂದೆಯೇ ಹಿಡಿದು, ತಲೆಯಾಡಿಸದವರೂ ತಗೊಳ್ಳಿ ಎಂದರು. ಟೀಚರು ಒಂದು ಬಿಸ್ಕತ್ತು ತೆಗೆದು ಪರ್ಸಿಗೆ ಹಾಕಿಕೊಂಡರು. ತರಗತಿಯಲ್ಲಿ ಬೇಹುಗಾರರಿದ್ದಾರೆ ಎಂಬುದು ಖಾತ್ರಿಯಾಯಿತು.

ಯಾರೆಂದು ಹುಡುಕಲು ಬಹಳ ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ. ಮೊದಲ ಬೆಂಚಿನಲ್ಲಿ ಒಬ್ಬ ಹುಡುಗಿ. ಟೀಚರು ಕೆಮ್ಮಿದರೂ ಬರೆದುಕೊಳ್ಳುವವಳು. ಜೊತೆಯವರು ಅವಳನ್ನು ಶೀಘ್ರಲಿಪಿ ಎಂದು ಕರೆಯುತ್ತಿದ್ದರು. ಅವಳ ಚಿಕ್ಕಮ್ಮ ಶಾಲೆಯ ಆಫೀಸಿನಲ್ಲೇ ಗುಮಾಸ್ತೆ, ಹುಡುಗಿ ಮಧ್ಯಾಹ್ನದ ಊಟ ಮಾಡುವುದೂ ಅಲ್ಲಿಯೇ. ಇನ್ನೇನು ಬೇಕು? ಅವಳು ಪೆನ್ನು ಎತ್ತಿದರೆ ಟೀಚರ ಮೈ ಉರಿಯತೊಡಗಿತು. ಅವಳು ನಕ್ಕರೆ ಯಾಕೆ ನಕ್ಕಳು ಎಂಬ ಚಿಂತೆ, ನಗದಿದ್ದರೆ ಇನ್ನೂ ದೊಡ್ಡ ಚಿಂತೆ.

ಸೇನಾಪತಿಯನ್ನು ಸೆರೆ ಹಿಡಿಯುವ ದೃಶ್ಯದ ದಿನ ಟೀಚರು ಪುಸ್ತಕ ಮುಚ್ಚಿದರು.

"ಸೇನಾಪತೀನ ಕೊಂದಿದ್ದು ಕತ್ತಿ ಅಲ್ಲ, ಚಾಡಿ" ಎಂದರು. "ನಮ್ಮಲ್ಲೂ ಒಬ್ರಿದಾರೆ. ಊಟಕ್ಕೆ ಅಂತ ಆಫೀಸಿಗೆ ಹೋಗಿ ವರದಿ ಒಪ್ಪಿಸಿ ಬರ್ತಾರೆ."

ಹೆಸರು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ನಲವತ್ತು ಜೊತೆ ಕಣ್ಣು ಮೊದಲ ಬೆಂಚಿಗೆ ತಿರುಗಿದವು. ಹುಡುಗಿ ಅಳಲಿಲ್ಲ, ಪೆನ್ನಿಗೆ ಮುಚ್ಚಳ ಹಾಕಿದಳು. ಮಾರನೇ ದಿನ ಅವಳ ಪಕ್ಕದಲ್ಲಿ ಯಾರೂ ಕೂರಲಿಲ್ಲ. ಟೀಚರಿಗೆ ಒಳಗೊಳಗೇ ಖುಷಿಯಾಯಿತು. ಹೇಳಿಕೊಳ್ಳಲು ನಾಚಿಕೆಯಾಗುವಂಥ ಖುಷಿ, ಆದರೂ ಖುಷಿಯೇ.

ಶನಿವಾರ ಹೆಡ್‌ಮಾಸ್ಟರು ಕರೆಸಿದರು. ಎದುರಿಗೆ ಒಂದು ನೋಟ್‌ಬುಕ್ಕು ಬಿಚ್ಚಿಕೊಂಡಿತ್ತು.

"ಈ ವಾರ ಏನೂ ಇಲ್ವಲ್ಲ ಟೀಚರ್? ನಾನು ಶನಿವಾರ ಬರ್ಲಿ ಅಂತ ಕಾಯೋದೇ ಇದಕ್ಕೆ. ಮನೇಲಿ ಓದಿ ಹೇಳಿದ್ರೆ ನನ್ನ ಹೆಂಡ್ತಿ ಹೊಟ್ಟೆ ಹಿಡ್ಕೊಂಡು ನಗ್ತಾಳೆ. ಮೂವತ್ತು ವರ್ಷದಲ್ಲಿ ನನಗೆ ಇಷ್ಟು ಸತ್ಯ ಯಾರೂ ಹೇಳಿರಲಿಲ್ಲ."

ಪ್ರತಿ ಶನಿವಾರ ತರಗತಿಯ ಒಂದು ಮಾದರಿ ನೋಟ್‌ಬುಕ್ಕನ್ನು ಸಹಿಗೆ ಕಳಿಸುವುದು ಆ ಶಾಲೆಯ ಪದ್ಧತಿ. ಅಕ್ಷರ ದುಂಡಗಿದೆಯೆಂದು ಟೀಚರು ವಾರವಾರವೂ, ಸಿಟ್ಟಿದ್ದ ಈ ವಾರವೂ, ಶೀಘ್ರಲಿಪಿಯದನ್ನೇ ಆರಿಸಿ, ತಾವೇ ತಂದು ಈ ಮೇಜಿನ ಮೇಲೆ ಇಡುತ್ತಿದ್ದರು. ಒಳಗೆ ಓದಿದವರಲ್ಲ. ಈಗ ಹಾಳೆ ತಿರುಗಿಸಿದರು. ಕನ್ನಡಿ ಇತ್ತು, ಬಿಸ್ಕತ್ತು ಇತ್ತು, ಅವರು ಆಡಿದ ಒಂದೊಂದು ಮಾತೂ ದುಂಡಗೆ ಕೂತಿತ್ತು.

ಹೆಡ್‌ಮಾಸ್ಟರು ಎರಡು ಕಾಗದ ಮುಂದೆ ಸರಿಸಿದರು. ಎರಡಕ್ಕೂ ಆಗಲೇ ಸಹಿಯಾಗಿತ್ತು. ಒಂದು ಟೀಚರ ಕಾಯಂ ಆದೇಶ. ಇನ್ನೊಂದು ಅದೇ ದುಂಡಕ್ಷರದ ಅರ್ಜಿ: ನಾನು ಇದ್ದರೆ ಟೀಚರು ಮನಸ್ಸು ಬಿಚ್ಚಿ ಪಾಠ ಮಾಡುವುದಿಲ್ಲ, ಅವರ ಪಾಠ ಕೆಡಬಾರದು, ದಯವಿಟ್ಟು ನನ್ನನ್ನು ಬಿ ವಿಭಾಗಕ್ಕೆ ಹಾಕಿ. ಹುಡುಗಿ ಆ ಬೆಳಿಗ್ಗೆಯೇ ಅಲ್ಲಿಗೆ ಹೋಗಿದ್ದಳು.

ಟೀಚರು ಆದೇಶವನ್ನು ಅಲ್ಲಿಯೇ ಬಿಟ್ಟು ಬಿ ವಿಭಾಗಕ್ಕೆ ಓಡಿದರು. ಅಲ್ಲಿ ವಿಜ್ಞಾನದ ಮೇಷ್ಟ್ರು ಪಾಠ ಮಾಡುತ್ತಿದ್ದರು. ಕ್ಷಮೆಯನ್ನು ಗುಟ್ಟಾಗಿ ಕೇಳುವ ಹಕ್ಕು ತನಗಿಲ್ಲವೆಂದು ಟೀಚರಿಗೆ ಗೊತ್ತಿತ್ತು. ಬಾಗಿಲಲ್ಲೇ ನಿಂತು ಎಲ್ಲರಿಗೂ ಕೇಳುವಂತೆ, ಚಾಡಿ ಹೇಳಿದ್ದು ಇವಳಲ್ಲ, ಓದದೇ ನೋಟ್‌ಬುಕ್ಕು ಕಳಿಸಿದ ನಾನೇ ಎಂದರು.

"ತಪ್ಪಾಯ್ತು ಕಣಮ್ಮ. ವಾಪಸ್ ಬಾ, ಮೊದಲಿನ ಹಾಗೇ ಬರ್ಕೋ."

ಹುಡುಗಿ ಎದ್ದು ನಿಂತಳು. ಮುಖದಲ್ಲಿ ಸಿಟ್ಟಿರಲಿಲ್ಲ.

"ಬೇಡ ಟೀಚರ್. ಇನ್ಮೇಲೆ ಯಾರು ಏನು ಹೇಳಿದ್ರೂ, ಬರ್ಕೊಳ್ಳೋದಾ ಬೇಡ್ವಾ ಅಂತ ನನಗೆ ಭಯ ಆಗುತ್ತೆ."

ವಿಜ್ಞಾನದ ಮೇಷ್ಟ್ರು ಸೀಮೆಸುಣ್ಣ ಹಿಡಿದುಕೊಂಡು, ಟೀಚರು ಹೊರಡುವುದನ್ನೇ ಕಾಯುತ್ತಿದ್ದರು.