ಗೋಲ್‌ಕೀಪರಳ ಅತ್ತೆ

ಇಪ್ಪತ್ತು ವರ್ಷ ಸಾಕ್ಷ್ಯಚಿತ್ರಗಳನ್ನೇ ಮಾಡಿಕೊಂಡು ಬಂದಿದ್ದ ವೀಬ್ಕೆ ಹಾರ್ಮ್ಸ್‌ಗೆ ಕಥಾಚಿತ್ರ ಮಾಡುವ ಅವಕಾಶ ಕೊನೆಗೂ ಕೂಡಿ ಬಂತು. ಯಾವ ಕಥೆ ಎಂದು ಅವಳು ಒಂದು ಗಳಿಗೆಯೂ ಯೋಚಿಸಲಿಲ್ಲ. ಜರ್ಮನಿಯ ಗಣಿ ಊರು ಬೋಟ್ರೋಪಿನ ಫುಟ್‌ಬಾಲ್ ಹೆಂಗಸರು ಅಷ್ಟು ಕಾಲದಿಂದ ಅವಳ ತಲೆಯೊಳಗೆ ಮನೆ ಮಾಡಿಕೊಂಡಿದ್ದರು.

ಅವಳ ಮೊದಲ ಸಾಕ್ಷ್ಯಚಿತ್ರವೇ ಅವರದು. ಆಗ ಅವಳು ಮ್ಯೂನಿಕ್‌ನಲ್ಲಿ ಸಿನಿಮಾ ಕಲಿತು ಆಗಷ್ಟೇ ಹೊರಬಿದ್ದಿದ್ದಳು. ಹೆಂಗಸರಿಗೆ ಮೈದಾನ ಕೊಡಕೂಡದು ಎಂದು ದೇಶದ ಫುಟ್‌ಬಾಲ್ ಸಂಘ ಕ್ಲಬ್ಬುಗಳಿಗೆಲ್ಲ ಕಟ್ಟಪ್ಪಣೆ ಮಾಡಿದ್ದ ಕಾಲ ಅದು. ಗಣಿ ಕಾರ್ಮಿಕರ ಹೆಂಡಂದಿರು ಭಾನುವಾರದ ಅಡುಗೆ ಮುಗಿಸಿ, ಪಾತ್ರೆ ತೊಳೆದಿಟ್ಟು, ಗಣಿಯ ಹಿಂದಿನ ಬೂದಿ ಬಯಲಿನಲ್ಲಿ ಆಡುತ್ತಿದ್ದರು. ಅವರ ಗೋಲ್‌ಕೀಪರ್ ಟ್ರೂಡೆ ಶಿಮಾನೆಕ್. ಭುಜ ಅಗಲ, ಬಾಯಿ ಇನ್ನೂ ಅಗಲ. ಚಿತ್ರ ಟೀವಿಯಲ್ಲಿ ಬಂದ ಮರುದಿನ ನಿಲಯಕ್ಕೆ ಬೈಗುಳದ ಫೋನುಗಳು ಸುರಿದವು. ಹೆಂಗಸರು ಚಡ್ಡಿ ಹಾಕಿಕೊಂಡು ಕೆಸರಲ್ಲಿ ಹೊರಳಾಡುವುದನ್ನು ತೋರಿಸುತ್ತೀರಾ ಎಂದು ಜನ ಕೂಗಾಡಿದರಂತೆ. ವೀಬ್ಕೆ ಹೆದರುತ್ತಲೇ ಸುದ್ದಿ ತಿಳಿಸಿದಾಗ ಟ್ರೂಡೆಗೆ ಹಿಗ್ಗೋ ಹಿಗ್ಗು.

"ನನ್ನ ಕಾಲು ನೋಡಿ ಅಷ್ಟೊಂದು ಜನ ನಿದ್ದೆಗೆಟ್ರಾ? ಮನೇಲಿರೋ ನಮ್ಮೆಜಮಾನ್ರು ಇವತ್ತಿನ ತನಕ ಕಣ್ಣೆತ್ತಿ ನೋಡಿಲ್ಲ ಕಣೇ."

ಆ ಗಲಾಟೆಯಿಂದಲೇ ವೀಬ್ಕೆಗೆ ಹೆಸರು ಬಂತು. ಆಮೇಲೆ ರೈನ್ ನದಿಯ ದೋಣಿಯವರು, ಗಡಿಯ ಬಳಿಯ ಊರೊಂದರ ಸೂಲಗಿತ್ತಿ, ಮುಚ್ಚಿಹೋಗುತ್ತಿದ್ದ ಪಿಯಾನೊ ಕಾರ್ಖಾನೆ, ಹೀಗೆ ಒಂದಾದ ಮೇಲೊಂದು ಚಿತ್ರ. ಅವಳ ವಿದ್ಯೆಯೆಲ್ಲ ಕಾಯುವುದರಲ್ಲಿತ್ತು. ಕ್ಯಾಮೆರಾ ಇಟ್ಟು, ಬಾಯಿ ಮುಚ್ಚಿಕೊಂಡು ಕೂತರೆ ಜನ ತಾವಾಗಿಯೇ ತೆರೆದುಕೊಳ್ಳುತ್ತಾರೆ ಎಂದು ಅವಳು ನಂಬಿದ್ದಳು. ಆ ನಂಬಿಕೆ ಸೋತದ್ದು ಒಬ್ಬಳ ಮುಂದೆ ಮಾತ್ರ: ಟ್ರೂಡೆಯ ಅತ್ತೆ ವಾಲೆಸ್ಕಾ. ಕ್ಯಾಮೆರಾ ಕಂಡರೆ ಮುದುಕಿ ದಢಾರನೆ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಮೊದಲ ಚಿತ್ರದಲ್ಲಿ ವಾಲೆಸ್ಕಾ ಎಂದರೆ ಒಂದು ಹಸಿರು ಬಾಗಿಲು, ಅಷ್ಟೆ. ಈಗ ಅವಳು ತೀರಿಕೊಂಡೂ ವರ್ಷಗಳಾಗಿದ್ದವು.

ಕಥಾಚಿತ್ರದಲ್ಲಿ ಕಾಯುವ ವಿದ್ಯೆ ಕೈಕೊಟ್ಟಿತು. ನಟರು ಬಂದು ತಾವೇನು ಮಾಡಬೇಕು ಎಂದು ಕೇಳಿದರೆ ವೀಬ್ಕೆ "ನೋಡೋಣ" ಎನ್ನುತ್ತಿದ್ದಳು. ಅವರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ನಿರ್ಮಾಪಕ ದಿನಕ್ಕೆರಡು ಸಲ ಬಂದು ತಲೆ ಚಚ್ಚಿಕೊಂಡು ಹೋಗುತ್ತಿದ್ದ. ಮೊದಲ ಚಿತ್ರದಿಂದಲೂ ಜೊತೆಗಿದ್ದ ಕ್ಯಾಮೆರಾಮನ್ ಫೋಲ್ಕರ್ಟ್ ಮಾತ್ರ, ಏನಾದರಾಗಲಿ, ಕ್ಯಾಮೆರಾ ಓಡಿಸುತ್ತಲೇ ಇರುತ್ತಿದ್ದ. ಅದು ಅವಳೇ ಕಲಿಸಿದ ಚಾಳಿ.

ವಾಲೆಸ್ಕಾಳ ಪಾತ್ರಕ್ಕೆ ಡ್ಯೂಸೆಲ್‌ಡಾರ್ಫಿನ ರಂಗಭೂಮಿಯಿಂದ ಲಿಯೊನೋರೆ ಬ್ರಾಂಡಿಸ್ ಎಂಬ ಹೆಸರಾಂತ ನಟಿ ಬಂದಿದ್ದಳು. ಪಂದ್ಯದ ಮರುದಿನ, ಸೋಮವಾರ, ಮನೆಯಲ್ಲಿ ಬಟ್ಟೆ ಒಗೆಯುವ ದೃಶ್ಯ. ಹಿತ್ತಲಿನಲ್ಲಿ ಬಿಳಿ ಹೊದಿಕೆಗಳು ಸಾಲಾಗಿ ಒಣಗುತ್ತಿವೆ. ಪಂದ್ಯದ ಕೆಸರು ಮೆತ್ತಿದ ಅಂಗಿ ಕೈಯಲ್ಲಿ ಹಿಡಿದು ಸೊಸೆ ಹೊರಗೆ ಬರುತ್ತಾಳೆ. ಅತ್ತೆ ಕೆರಳುತ್ತಾಳೆ. ಲಿಯೊನೋರೆ ಕೆರಳಿದ ರಭಸಕ್ಕೆ ಪಕ್ಕದ ಮನೆಯ ನಾಯಿ ಗೂಡು ಸೇರಿತು. ಸಲಹೆಗೆಂದು ಕರೆಸಿದ್ದ ಟ್ರೂಡೆ ಮಡಿಸುವ ಕುರ್ಚಿಯಲ್ಲಿ ಕೂತು ಸಾಸೇಜು ಇಟ್ಟ ಬ್ರೆಡ್ಡು ತಿನ್ನುತ್ತಿದ್ದವಳು ನಗು ತಡೆಯಲಾರದೆ ಕೆಮ್ಮಿಬಿಟ್ಟಳು.

ಎಲ್ಲರೂ ಅವಳ ಕಡೆ ತಿರುಗಿದರು. ವೀಬ್ಕೆಗೆ ಮುಜುಗರವಾಯಿತು. ಲಿಯೊನೋರೆ ಬೇಸರಿಸಿಕೊಳ್ಳದೆ, ನಿಮ್ಮತ್ತೆ ಹೀಗಿರಲಿಲ್ಲವೇ ಎಂದು ಕೇಳಿದಳು.

"ಹೀಗೆ ಕೂಗಾಡಿದ್ರೆ ನಾನೂ ಎರಡು ಮಾತಾಡಿ ಗೆದ್ದುಬಿಡ್ತಿದ್ದೆ ಕಣಮ್ಮ," ಎಂದಳು ಟ್ರೂಡೆ. "ಅವಳು ಕೂಗೋಳಲ್ಲ. ಬೀದಿಗೆಲ್ಲ ಕೇಳೋ ಹಾಗೆ ಒಂದ್ ಮಾತು, ಮಾನ ಕಳೆದೆ ಅಂತ. ಆಮೇಲೆ ನಮ್ಮೆಜಮಾನ್ರ ಗಣಿ ಬಟ್ಟೆ ಜೊತೆಗೇ ನನ್ನ ಅಂಗೀನೂ ಸೇರಿಸಿ ಒಗೆದುಹಾಕೋಳು. ಯಾರಿಗೂ ಕಾಣದ ಹಾಗೆ ಹೊದಿಕೆಗಳ ಮಧ್ಯೆ ಒಣಗಿಸೋಳು."

ವೀಬ್ಕೆ ಎದ್ದು ನಿಂತಳು. ಇದನ್ನು ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಟ್ರೂಡೆ ಭುಜ ಕುಣಿಸಿದಳು. "ನೀನು ಮುಂಬಾಗಿಲಲ್ಲಿ ಕಾಯ್ತಾ ಇದ್ದೆ. ಬಟ್ಟೆ ಒಣಗ್ತಿದ್ದಿದ್ದು ಹಿತ್ಲಲ್ಲಿ."

ವೀಬ್ಕೆಗೆ ಕೆನ್ನೆಗೆ ಹೊಡೆದಂತೆಯೂ ಆಯಿತು, ನಗುವೂ ಬಂತು. ಲಿಯೊನೋರೆ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಟ್ರೂಡೆಗೆ ಕೊಟ್ಟು, ಅತ್ತೆ ಹೇಗೆ ನಡೆಯುತ್ತಿದ್ದಳು, ಒಂದು ಸಲ ತೋರಿಸಿ ಎಂದಳು. ಟ್ರೂಡೆ ಬ್ರೆಡ್ಡನ್ನು ಕುರ್ಚಿಯ ಮೇಲಿಟ್ಟಳು. ಬಟ್ಟೆ ಕಟ್ಟಿಕೊಂಡಳು. ಎರಡು ಹೆಜ್ಜೆ ಹಾಕುವಷ್ಟರಲ್ಲಿ ಅವಳ ಅಗಲ ಭುಜ ಇಳಿದು, ಬಾಯಿ ಗೆರೆಯಷ್ಟಾಯಿತು. ಸೊಸೆಯ ಪಾತ್ರದ ಹುಡುಗಿ ತಾನಾಗಿ ಅಂಗಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

ಟ್ರೂಡೆ ಅದನ್ನು ಕಿತ್ತುಕೊಂಡಳು. ಪಕ್ಕದ ಮನೆಗಳ ಕಡೆ ನೋಡಿ, ಮಾನ ಕಳೆದೆ ಎಂದು ಗಟ್ಟಿಯಾಗಿ ಅಂದಳು. ತೊಟ್ಟಿಯಲ್ಲಿ ಅದ್ದಿ, ಉಜ್ಜಿ, ಹಿಂಡಿ, ಎರಡು ಹೊದಿಕೆಗಳ ಮಧ್ಯೆ ಒಣಗಿಸಿದಳು. ಹೊರಟವಳು ನಿಂತು, ಸೊಸೆಯ ಮುಖ ನೋಡದೆ ಮೆಲ್ಲಗೆ ಒಂದು ಮಾತು ಸೇರಿಸಿದಳು.

"ಎಡಗಡೆ ತೀರಾ ಬಿಟ್ಕೊಡ್ತೀಯ. ಎರಡನೇ ಗೋಲು ಹೋಗಿದ್ದು ಅದಕ್ಕೇ."

ಹುಡುಗಿಯ ಕಣ್ಣು ತುಂಬಿದವು. ಗಾಳಿಗೆ ಹೊದಿಕೆ ಎದ್ದು, ಒಂದನೇ ನಂಬರಿನ ಅಂಗಿ ಒಮ್ಮೆ ಕಂಡು ಮರೆಯಾಯಿತು. ಫೋಲ್ಕರ್ಟ್ ಕ್ಯಾಮೆರಾ ನಿಲ್ಲಿಸಿರಲಿಲ್ಲ.

"ಈ ಪಾತ್ರ ಇವಳದ್ದೇ," ಎಂದಳು ಲಿಯೊನೋರೆ. "ನಂಗೆ ಆ ಚಾಡಿ ಹೇಳೋ ಪಕ್ಕದ ಮನೆಯವಳ ಪಾತ್ರ ಕೊಡಿ. ಮಾತೂ ಜಾಸ್ತಿ, ಬಟ್ಟೆ ಒಗೆಯೋದೂ ಇಲ್ಲ."

ವೀಬ್ಕೆ ಟ್ರೂಡೆಯನ್ನು ಪಕ್ಕಕ್ಕೆ ಕರೆದೊಯ್ದು, ಅತ್ತೆ ಪಂದ್ಯ ನೋಡಲು ಕದ್ದು ಬರುತ್ತಿದ್ದಳೇ ಎಂದು ಕೇಳಿದಳು.

"ಇಲ್ಲಪ್ಪ. ಅವಳಿಗೆ ಚೆಂಡು ದುಂಡಗಿರುತ್ತೆ ಅನ್ನೋದೂ ಗೊತ್ತಿರ್ಲಿಲ್ಲ."

"ಮತ್ತೆ ಆ ಮಾತು?"

ಟ್ರೂಡೆ ತಲೆಬಟ್ಟೆಯ ಗಂಟು ಬಿಚ್ಚುತ್ತ ನಿಂತಳು. "ಅವಳ ಥರ ಬಗ್ಗಿ ಬಟ್ಟೆ ಹಿಂಡಿದ್ನಲ್ಲ, ಆಗ ಅನ್ನಿಸ್ತು. ಏನೋ ಹೇಳ್ಬೇಕು ಅಂತ ಅವಳಿಗೂ ಬಾಯಿ ತನಕ ಬಂದಿರುತ್ತೆ. ಹೇಳೋಕೆ ಬರ್ಲಿಲ್ಲ, ಪಾಪ. ಬೇಡ ಅಂದ್ರೆ ತೆಗೆದುಹಾಕು ತಾಯಿ, ನಿನ್ನ ಸಿನಿಮಾ."

ನಡೆಯದೇ ಇದ್ದದ್ದನ್ನು ವೀಬ್ಕೆ ಈವರೆಗೆ ಒಂದು ಚೂರೂ ತೋರಿಸಿದವಳಲ್ಲ. ಸಂಕಲನದ ಕೋಣೆಯಲ್ಲಿ ಆ ಮಾತನ್ನು ಒಮ್ಮೆ ಕತ್ತರಿಸಿ ನೋಡಿದಳು. ದೃಶ್ಯ ಸಪ್ಪೆಯಾಯಿತು ಎನ್ನುವುದಕ್ಕಿಂತ, ಸುಳ್ಳಾಯಿತು ಅನ್ನಿಸಿತು. ಮತ್ತೆ ಅಂಟಿಸಿದಳು. ಅಂದಿನಿಂದ ನಟರು ಏನು ಮಾಡಬೇಕೆಂದು ಕೇಳಿದರೆ, ಹೇಳದೆ ಉಳಿದದ್ದೇನು ಎಂದು ಅವಳೇ ತಿರುಗಿ ಕೇಳತೊಡಗಿದಳು. ಅದು ಅವರಿಗೆ ಅರ್ಥವಾಗುತ್ತಿತ್ತು.

ಮೊದಲ ಪ್ರದರ್ಶನ ಬೋಟ್ರೋಪಿನಲ್ಲೇ ನಡೆಯಿತು. ಹಳೆಯ ತಂಡದವರೆಲ್ಲ ತಲೆಗೂದಲು ಸುರುಳಿ ಮಾಡಿಸಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದರು. ಟ್ರೂಡೆಯ ಗಂಡ ಹೈನಿ, ನಿವೃತ್ತ ಗಣಿ ಕಾರ್ಮಿಕ, ಮದುವೆಯ ಕೋಟು ತೊಟ್ಟು ಬಂದಿದ್ದ. ಹಿತ್ತಲಿನ ದೃಶ್ಯ ಬಂದಾಗ ಸಭಾಂಗಣ ಗಪ್‌ಚುಪ್ಪಾಯಿತು. ಆ ಮೌನದಲ್ಲಿ ಹೈನಿಯ ದನಿ ಕೇಳಿಸಿತು.

"ಟ್ರೂಡೆ, ನಮ್ಮಮ್ಮ ಇದನ್ನ ಯಾವಾಗ ಹೇಳಿದ್ಳು?"

"ನೀನು ಗಣಿಲಿದ್ದೆ. ಸುಮ್ನೆ ನೋಡು."

ಸಭಾಂಗಣವೆಲ್ಲ ಗೊಳ್ಳೆಂದಿತು. ಹಿಂದೆ ಕೂತಿದ್ದ ವೀಬ್ಕೆಯೂ ಕಣ್ಣೊರೆಸಿಕೊಳ್ಳುತ್ತ ನಕ್ಕಳು.

ಪ್ರದರ್ಶನ ಮುಗಿದ ಮೇಲೆ ಪಕ್ಕದ ಪಬ್ಬಿನಲ್ಲಿ ಬಟಾಣಿ ಸೂಪು, ಬಿಯರು. ವೀಬ್ಕೆ ಒಳಗೆ ಹೋಗುವ ಹೊತ್ತಿಗೆ ಹೈನಿ ಮೇಜಿನ ಸುತ್ತ ಜನ ಸೇರಿಸಿದ್ದ. ಅಮ್ಮನಿಗೆ ಫುಟ್‌ಬಾಲ್ ಅಂದರೆ ಪ್ರಾಣ, ಸೊಸೆಗೆ ಗೋಲು ಕಾಯುವುದನ್ನು ಕಲಿಸಿದವಳೇ ಅವಳು ಎಂದು ಉಪ್ಪು ಖಾರ ಹಚ್ಚಿ ಹೇಳುತ್ತಿದ್ದ. ಟ್ರೂಡೆ ಪಕ್ಕದಲ್ಲೇ ಕೂತು, ಹೌದು ಹೌದು ಎಂದು ತಲೆಯಾಡಿಸುತ್ತ ಸೂಪು ಕುಡಿಯುತ್ತಿದ್ದಳು. ವೀಬ್ಕೆ ಒಂದು ಕುರ್ಚಿ ಎಳೆದುಕೊಂಡು ಅವರ ನಡುವೆ ಕೂತು, ಆಮೇಲೇನಾಯಿತು ಎಂದು ಹೈನಿಯನ್ನು ಕೇಳಿದಳು.