ತೊಳೆದಿಟ್ಟ ತಟ್ಟೆಗಳು

"ಎಲ್ಲದ ಬೇ ಬೂದಿ? ತೋರ್ಸು, ಬೋಸುಡಿ!"

ಅಕ್ಕಿ ಗಿರಣಿಯ ಸಾಹುಕಾರ ಸಿದ್ದರಾಮಪ್ಪ ಸ್ಟೀಲಿನ ತಟ್ಟೆಯನ್ನು ಒದ್ದ. ಅದು ಠಣ್ಣೆಂದು ಹಾರಿ ಗೋಪಮ್ಮನ ಮೊಣಕಾಲಿಗೆ ಬಡಿಯಿತು. ಬಿಸಿಲಿಗೆ ಕನ್ನಡಿಯಂತೆ ಹೊಳೆಯಿತು.

ಮಾನ್ವಿ ರಸ್ತೆಯ ಆ ಗಿರಣಿಯ ಬೂದಿ ಹಿಂದಿನ ಕೇರಿಯ ಮೇಲೆಯೇ ಬೀಳುತ್ತದೆ. ರಾಯಚೂರಿನಲ್ಲಿ ಎಂಎಸ್ಸಿ ಓದುವ ಗೋಪಮ್ಮನ ಮಗಳು ವಿಶಾಖಾ ಮಾಳಿಗೆಗಳ ಮೇಲೆ ತಟ್ಟೆ ಇಟ್ಟು, ವಾರವಾರವೂ ಬಿದ್ದ ಬೂದಿಯನ್ನು ತೂಗಿ, ಆ ವಾರ ಉಬ್ಬಸ ಬಂದ ಮಕ್ಕಳನ್ನು ಎಣಿಸಿ, ಎರಡನ್ನೂ ಎದುರುಬದುರು ಇಟ್ಟಿದ್ದಳು. ಬೂದಿ ಏರಿದ ವಾರ ಉಬ್ಬಸವೂ ಏರಿತ್ತು; ಇಳಿದಾಗ ಇಳಿದಿತ್ತು. ಇಂದು ಸರ್ಕಾರದ ಸಾಹೇಬ ತಾನೇ ತೂಗಿ ನೋಡಲು ಬಂದಿದ್ದ. ತಾಳೆಯಾದರೆ ಗಿರಣಿಗೆ ಬೀಗ.

ಸಾಹೇಬರು ಬರುತ್ತಾರೆಂದು ಕೇರಿಯ ಹೆಂಗಸರು ನಸುಕಿನಲ್ಲೇ ಎದ್ದಿದ್ದರು. ಅಂಗಳ ಸಾರಿಸಿ, ಬುದ್ಧನ ಪಟಕ್ಕೆ ಹೂವಿಟ್ಟು, ಮಾಳಿಗೆ ಗುಡಿಸಿ, ತಟ್ಟೆಗಳನ್ನೆಲ್ಲ ಹುಣಸೆಹಣ್ಣು ಹಚ್ಚಿ ತೊಳೆದಿಟ್ಟಿದ್ದರು.

"ಯಾಕ ತೊಳದಿ ಯವ್ವಾ?" ವಿಶಾಖಾ ತಾಯಿಯತ್ತ ತಿರುಗಿದಳು.

"ಈ ಮಂದಿ ನಮ್ಮನ್ನ ಹೊಲಸು ಅಂತಾರಲ್ಲ ಮಗಳ... ಅದಕ್ಕ."

ಸಾಹೇಬ ಸೊನ್ನೆ ಬರೆದುಕೊಂಡ. "ಈ ವಾರ ಬೂದಿ ಇಲ್ಲ, ಉಬ್ಬಸ ಮಾತ್ರ ಅದ. ಎಲ್ಲಿ ಸಂಬಂಧನಮ್ಮ?"

"ತೊಳದ ತಟ್ಟಿ ಲೆಕ್ಕಕ್ಕ ಬರಂಗಿಲ್ರೀ ಸರ್! ಇದೊಂದು ವಾರ ಬಿಟ್ಟು ನೋಡ್ರಿ..."

ಗಿರಣಿಯ ಮ್ಯಾನೇಜರ್ ಪ್ರಭುರಾಜ ವಿಶಾಖಾಳ ಬಾಯಿಗೆ ಹೊಡೆದ. ತುಟಿ ಹರಿಯಿತು. "ಸಾಹೇಬ್ರಿಗೇ ಪಾಠ ಹೇಳ್ತಿಯೇನ ಬೇ?" ಜಡೆ ಹಿಡಿದು ನೆಲಕ್ಕೆ ಕೆಡವಿದ. ಸಾಹೇಬ ಪೆನ್ನಿಗೆ ಮುಚ್ಚಳ ಹಾಕಿದ.

ಗೋಪಮ್ಮನ ಕಂಕುಳಲ್ಲಿ ಮೊಮ್ಮಗಳು, ಮಗನ ಕೂಸು, ಸಿಳ್ಳೆ ಹೊಡೆದಂತೆ ಉಸಿರೆಳೆಯುತ್ತಿದ್ದಳು. ಗೋಪಮ್ಮ ಕೂಸನ್ನು ವಿಶಾಖಾಳ ಮಡಿಲಿಗೆ ಹಾಕಿದಳು. ಬಿದ್ದ ತಟ್ಟೆ ಎತ್ತಿಕೊಂಡು ಗಿರಣಿಯ ಬೂದಿಗುಂಡಿಗೆ ಹೋಗಿ ತುಂಬಿ ತಂದಳು. ಇನ್ನೂ ಆರದ ಬೂದಿ. ಅಂಗೈ ಚುರುಗುಟ್ಟಿದರೂ ತಟ್ಟೆ ಬಿಡಲಿಲ್ಲ.

"ಏನ್ ಬೇ ಅದು?" ಸಿದ್ದರಾಮಪ್ಪ ಬಾಯಿ ತೆರೆದ.

ತಟ್ಟೆಯ ಬೂದಿಯೆಲ್ಲ ಅವನ ಮುಖಕ್ಕೆ ಬಿತ್ತು. ಇನ್ನೊಂದು ಕೈ ಅವನ ಕೊರಳಪಟ್ಟಿ ಹಿಡಿದಿತ್ತು.

"ಎಳಿ ಉಸರು! ನನ್ನ ಮೊಮ್ಮಗಳು ಎಳದಂಗ ಎಳಿ, ಭಾಡ್ಯಾ!"

ಅವನು ಕೆಮ್ಮಿದ. ಮತ್ತೆ ಕೆಮ್ಮಿದ. ಕಣ್ಣುಗಳು ಮೇಲೆ ಸಿಕ್ಕಿಕೊಂಡವು. ಪ್ರಭುರಾಜನ ಬಡಿಗೆ ಗೋಪಮ್ಮನ ಬೆನ್ನಿಗೆ ಬಿತ್ತು, ತಲೆಗೆ ಬಿತ್ತು. ರಕ್ತ ಕಣ್ಣಿಗಿಳಿದರೂ ಕೈ ಸಡಿಲಲಿಲ್ಲ.

"ಸಾಹೇಬ್ರ, ಪೆನ್ನ ತಗೀರಿ. ಬೂದಿ ಒಂದು ತಟ್ಟಿ. ಕೆಮ್ಮು ನೀವಾ ಎಣಸ್ರಿ."

ಆಚೆ, ಕೇರಿಯ ಹೆಂಗಸರು ತೊಳೆದ ತಟ್ಟೆ ಹಿಡಿದು ಒಬ್ಬೊಬ್ಬರಾಗಿ ಬೂದಿಗುಂಡಿಗೆ ಇಳಿಯುತ್ತಿದ್ದರು.