ಟ್ಯುಟೋರಿಯಲ್ ರಾಯರ ಛತ್ರಿ

ವೈಕುಂಠ ಸಮಾರಾಧನೆಗೆ ಬಂದಿದ್ದ ನೆಂಟರಲ್ಲಿ ಕೊನೆಯವರು ಹಿಂದಿನ ಸಂಜೆ ಬಸ್ಸು ಹತ್ತಿದ್ದರು. ಬೆಳಿಗ್ಗೆ ರಾಜಾಜಿನಗರದ ಆ ಬಾಡಿಗೆ ಮನೆಯಲ್ಲಿ ಉಳಿದವರು ಇಬ್ಬರೇ, ವತ್ಸಲಾ ಮತ್ತು ಅವಳ ಅತ್ತೆ ಪುಟ್ಟಲಕ್ಷ್ಮಮ್ಮ. ನಲ್ಲಿಯಲ್ಲಿ ನೀರು ಎಂದಿನಂತೆ ಬಂತು, ಎಂದಿನಂತೆ ಅರ್ಧ ಬಕೆಟ್ಟಿಗೇ ನಿಂತಿತು. ನಾಣಿ ಸತ್ತ ಸುದ್ದಿಯನ್ನು ಅದಕ್ಕೆ ಯಾರೂ ಹೇಳಿರಲಿಲ್ಲ.

ವತ್ಸಲಾಳಿಗೂ ಯಾರೂ ಸರಿಯಾಗಿ ಹೇಳಿರಲಿಲ್ಲವೇನೋ. ಗಂಡ ನಾಣಿ ಜ್ವರವೆಂದು ಮಲಗಿದವನು ಏಳಲೇ ಇಲ್ಲ. ಅವಳಿಗೆ ಅಳು ಬಂದಿರಲಿಲ್ಲ. ಮಾತಾಡಿಸಲು ಬಂದ ಹೆಂಗಸರೆಲ್ಲ ಅದನ್ನು ಗಮನಿಸಿ, ತಮ್ಮತಮ್ಮಲ್ಲೇ ಚರ್ಚಿಸಿ, ಕೊನೆಗೆ "ಓದಿದವಳು" ಎಂದು ತೀರ್ಮಾನಿಸಿ ಹೋಗಿದ್ದರು.

ಮನೆ ಓನರು ಮಾತ್ರ ಇನ್ನೊಂದು ತೀರ್ಮಾನವನ್ನೂ ಮಾಡಿದ್ದ. ಸಮಾರಾಧನೆಯ ಊಟ ಮುಗಿಸಿ ಕೈ ತೊಳೆಯುತ್ತ, "ಇನ್ನೇನು, ಅಮ್ಮನೋರು ಹುಬ್ಳಿಗೆ ಮಗಳ ಮನೆಗೆ, ನೀವು ತವರಿಗೆ, ಅಲ್ವೇ?" ಎಂದು ಕೇಳಿಯೇಬಿಟ್ಟಿದ್ದ. ಇಬ್ಬರಿಗೂ ಹೋಗುವ ಮನಸ್ಸಿರಲಿಲ್ಲ. ಒಬ್ಬರನ್ನು ಬಿಟ್ಟರೆ ಇನ್ನೊಬ್ಬರಿಗೆ ನಾಣಿಯ ವಿಷಯ ಆಡಲು ಬೇರೆ ಯಾರೂ ಇರಲಿಲ್ಲ. ಜೊತೆಯಲ್ಲಿ ಉಳಿಯಬೇಕಾದರೆ ವತ್ಸಲಾಳಿಗೆ ಕೆಲಸ ಸಿಗಬೇಕು.

ಕೆಲಸವೇನೋ ಕಣ್ಣೆದುರಿಗೇ ಇತ್ತು. ಬಸವೇಶ್ವರನಗರದಲ್ಲಿ ರಾಮಯ್ಯನವರೆಂಬ ಜಮೀನುದಾರರು ತಮ್ಮ ರಾಗಿ ಹೊಲದಲ್ಲೇ ಹೊಸದಾಗಿ ಕಟ್ಟಿಸಿದ ಹುಡುಗಿಯರ ಹೈಸ್ಕೂಲಿಗೆ ಚರಿತ್ರೆಯ ಟೀಚರು ಬೇಕಾಗಿತ್ತು. ಅರ್ಜಿ ಪೋಸ್ಟ್ ಮಾಡಿದವನು ನಾಣಿಯೇ. ಐದು ವರ್ಷಕ್ಕೆ ನಾಲ್ಕು ಕೆಲಸ ಬಿಟ್ಟಿದ್ದನ್ನು ಬರೆಯುವುದೋ ಬೇಡವೋ ಎಂದು ಅವಳು ಅನುಮಾನಿಸಿದಾಗ ಅವನು ನಕ್ಕಿದ್ದ.

"ಬರೀ ಕಣೇ. ಮುಚ್ಚಿಟ್ರೆ ಐದು ವರ್ಷ ಏನ್ ಮಾಡ್ತಿದ್ರಿ ಅಂತಾರೆ. ನಾಣೀನ ಸಂಭಾಳಿಸ್ತಿದ್ದೆ ಅಂದ್ರೆ ಅನುಭವ ಅಂತ ಒಪ್ಕೋತಾರಾ? ಮತ್ತೆ, ಹಳೇ ಯಜಮಾನರನ್ನ ಬೈಯೋಕೆ ಹೋಗ್ಬೇಡ. ಅವರು ಮಾಡಿದ್ದನ್ನ ಹಾಗೇ ಹೇಳು, ಅಷ್ಟು ಸಾಕು."

ಹಾಲಿನ ಬೋರಮ್ಮ ಬಾಗಿಲಲ್ಲಿ ಕೂಗಿದಳು. ರಾಮಯ್ಯನವರಿಗೆ ದೂರದ ನೆಂಟಳಾದ್ದರಿಂದ ಹಾಲಿನ ಜೊತೆ ಸುದ್ದಿಯನ್ನೂ ಅಳೆದು ಹಾಕುವುದು ಅವಳ ಪದ್ಧತಿ. ನೀರು ಬೆರೆಸುತ್ತಿದ್ದದ್ದು ಹಾಲಿಗೆ ಮಾತ್ರ.

"ಗುರುವಾರ ಕರ್ದವ್ರಂತೆ ಕಣವ್ವಾ ನಿನ್ನ. ನಮ್ಮ ರಾಮಣ್ಣಂಗೆ ಚರಿತ್ರೆ ಗಿರಿತ್ರೆ ಏನ್ ಗೊತ್ತದೆ? ಅದ್ಕೇ ಪ್ರಶ್ನೆ ಕೇಳಕ್ಕೆ ಇಜಯನಗರದ ಟ್ಯುಟೋರಿಯಲ್ ರಾಯ್ರು ಬತ್ತಾರಂತೆ."

ವತ್ಸಲಾಳ ಕೈಯಲ್ಲಿದ್ದ ಪಾತ್ರೆ ಸ್ವಲ್ಪ ವಾಲಿತು.

ಅವಳು ಬಿಟ್ಟ ನಾಲ್ಕನೆಯ ಕೆಲಸ ಈ ಜಗನ್ನಾಥರಾಯರ ಟ್ಯುಟೋರಿಯಲ್ಲಿನದು. ಎಸ್ಸೆಸ್ಸೆಲ್ಸಿ ಫೇಲಾದವರನ್ನು ದಡ ಹತ್ತಿಸುವ ಸಂಸ್ಥೆ. ರಾಯರು ರಾಹುಕಾಲ ನೋಡಿ ಟೈಂಟೇಬಲ್ ಬರೆಯುತ್ತಿದ್ದರು, ಕಪ್ಪುಹಲಗೆಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿಸಿದ್ದರು. ಹೋದ ವರ್ಷ ರಿಸಲ್ಟು ಬರುವ ಮೊದಲೇ "ನೂರಕ್ಕೆ ನೂರು ಪಾಸು" ಎಂದು ಬೋರ್ಡು ಬರೆಸಿದರು. ಯಾರ್ಯಾರು ಪಾಸಾದರೆಂದು ಮಕ್ಕಳು ಕೇಳಿದಾಗ ವತ್ಸಲಾ, "ಸದ್ಯಕ್ಕೆ ಪೇಂಟರ್ ಒಬ್ಬನೇ" ಎಂದಿದ್ದಳು. ಮಾತು ರಾಯರ ಕೋಣೆ ತಲುಪಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಬಾಗಿಲು ಹಾಕಿಕೊಂಡು ಜಗಳವಾಯಿತು. ಅವಳು ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು ಹೊರಗೆ ಬಂದಳು.

ಹೊರಗೆ ಮಳೆ. ಅವಳನ್ನು ಕರೆದೊಯ್ಯಲು ಬಂದಿದ್ದ ನಾಣಿಗೆ ಇದ್ಯಾವುದೂ ತಿಳಿಯದು. ಹಿಂದೆಯೇ ಬುಸುಗುಡುತ್ತ ಬಂದ ರಾಯರಿಗೆ ಕೈ ಮುಗಿದು, "ಸಾರ್, ಒಂದು ಛತ್ರಿ ಇದ್ರೆ ಕೊಡಿ. ನಾಳೆ ಬೆಳಿಗ್ಗೆ ಇವಳ ಕೈಲೇ ಕಳಿಸ್ತೀನಿ" ಎಂದಿದ್ದ. ರಾಯರು ಏನೂ ತೋಚದೆ ಕೊಟ್ಟುಬಿಟ್ಟಿದ್ದರು. ಕೊಟ್ಟದ್ದು ಬಿಚ್ಚಿಕೊಳ್ಳದ ಛತ್ರಿ. ಕೈಯಲ್ಲಿ ಛತ್ರಿ ಹಿಡಿದು ಇಬ್ಬರೂ ಬಸ್ ಸ್ಟಾಪಿನವರೆಗೆ ತೊಪ್ಪೆಯಾಗುತ್ತ ನಡೆದರು. ಅವಳು ಕೆಲಸ ಬಿಟ್ಟದ್ದನ್ನು ಹೇಳಿದಾಗ ನಾಣಿ ನಡುರಸ್ತೆಯಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಆಮೇಲೆ ಭಾನುವಾರಗಳಲ್ಲಿ ಕೂತು ಅದರ ಕಡ್ಡಿಗಳನ್ನು ತಂತಿ ಸುತ್ತಿ ಸರಿಮಾಡಿದ್ದ, ಸಡಿಲವಾಗಿದ್ದ ಹಿಡಿಗೆ ಸೈಕಲ್ ಟ್ಯೂಬಿನ ರಬ್ಬರು ಬಿಗಿದಿದ್ದ. ವಾಪಸು ಕೊಡಲು ಮಾತ್ರ ಹೋಗಿರಲಿಲ್ಲ. "ಇದು ಇಲ್ಲಿರೋವರೆಗೂ ಆ ಕೆಲಸ ನಿಂಗೆ ಪೂರ್ತಿ ಹೋಗಿಲ್ಲ ಕಣೇ" ಎನ್ನುತ್ತಿದ್ದ. ಛತ್ರಿ ಬಾಗಿಲ ಹಿಂದಿನ ಮೊಳೆಯಲ್ಲಿ ಇನ್ನೂ ತೂಗುತ್ತಿತ್ತು.

ಪುಟ್ಟಲಕ್ಷ್ಮಮ್ಮ ಅದನ್ನೇ ನೋಡುತ್ತಿದ್ದರು.

"ಕೊಟ್ಟುಬಿಡೇ ಅದನ್ನ. ಹೋದವರು ಇಸ್ಕೊಂಡಿದ್ದ ವಸ್ತು ಮನೇಲಿ ಉಳೀಬಾರದು, ಅವರಿಗೆ ದಾರಿ ಸಾಗಲ್ಲ. ಸುಮ್ನೆ ಕೊಟ್ರೂ ಆಗಲ್ಲ. ತಗೊಳ್ಳೋರು ಮನಸಾರೆ ತಗೊಂಡೆ ಅಂತ ಬಾಯಿಬಿಟ್ಟು ಹೇಳಬೇಕು. ಒಳಗೆ ಕಹಿ ಇಟ್ಕೊಂಡು ತಗೊಂಡ್ರೆ ಸಲ್ಲಲ್ಲ."

ವತ್ಸಲಾ ಅತ್ತೆಯ ಮುಖವನ್ನು ಒಂದು ಗಳಿಗೆ ಹೆಚ್ಚೇ ನೋಡಿದಳು.

"ರಾಯರಿಗೆ ಇದೆಲ್ಲ ಗೊತ್ತಿರುತ್ತಾ ಅಮ್ಮ?"

"ನಿಂಬೆಹಣ್ಣು ಕಟ್ಟಿಸಿದೋನಿಗೆ ಇದು ಗೊತ್ತಿರಲ್ವಾ?" ಎಂದು ನಕ್ಕರು ಪುಟ್ಟಲಕ್ಷ್ಮಮ್ಮ. ನಾಣಿಯ ನಗು ಯಾರಿಂದ ಬಂದಿತ್ತೆಂಬುದು ವತ್ಸಲಾಳಿಗೆ ಆಗ ತಿಳಿಯಿತು.

ಗುರುವಾರ ಬಿಸಿಲು ಸುಡುತ್ತಿತ್ತು. "ಒಂದು ಕರೀ ಬೊಟ್ಟಾದ್ರೂ ಇಟ್ಕೊಂಡು ಹೋಗು" ಎಂದು ಅತ್ತೆಯೇ ಹಣೆಗಿಟ್ಟು ಕಳಿಸಿದರು.

ಶಾಲೆಯ ಕೋಣೆಗೆ ಇನ್ನೂ ಸುಣ್ಣದ ವಾಸನೆ. ಮೇಜಿನ ಆಚೆ ರಾಮಯ್ಯನವರು ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಕೂತಿದ್ದರು. ಪಕ್ಕದಲ್ಲಿ ಜಗನ್ನಾಥರಾಯರು, ಬಹಳ ದಿನದಿಂದ ಕಾದಿದ್ದ ಊಟದ ಮುಂದೆ ಕೂತವರಂತೆ. ಅವಳ ಕೈಯಲ್ಲಿದ್ದ ಛತ್ರಿಯನ್ನು ಅವರು ಗುರುತಿಸಲಿಲ್ಲ. ಅದು ಅವರ ಕಾಲದಲ್ಲಿ ಇಷ್ಟು ನೆಟ್ಟಗೆ ಇರಲಿಲ್ಲ.

"ಅಲ್ಲಾ ತಾಯಿ," ಎಂದರು ರಾಮಯ್ಯ, "ಐದು ವರ್ಸಕ್ಕೆ ನಾಕು ಕೆಲ್ಸ! ನಮ್ಮ ಎತ್ತುಗಳೂ ಇಷ್ಟು ಕೈ ಬದಲಾಯಿಸಿಲ್ವಲ್ಲ?"

"ಮೊದಲನೇದು ಮಕ್ಕಳ ಶಾಲೆ ಸಾರ್. ಮಕ್ಕಳ ಜೊತೆ ನಾನೂ ನಕ್ಕೆ ಅಂತ ಹೆಡ್‌ಮಿಸ್ಸು ನನ್ನನ್ನೂ ಮೂಲೇಲಿ ನಿಲ್ಲಿಸಿದ್ರು. ನಿಂತೆ. ಸಂಜೆ ಮನೆಗೆ ಹೋದೋಳು ಮತ್ತೆ ಹೋಗಲಿಲ್ಲ."

"ಆಮೇಲೆ?"

"ಪ್ರೆಸ್ಸು. ಯಜಮಾನರು ಬಹಳ ಮರ್ಯಾದಸ್ಥರು. ಗಿರಾಕಿ ಬರೆದ ತಪ್ಪನ್ನ ತಿದ್ದಿದ್ರೆ ಗಿರಾಕಿಗೆ ಬೇಜಾರಾಗುತ್ತೆ ಅಂತ, ನಾನು ತಿದ್ದಿದ್ದನ್ನೆಲ್ಲ ಮೊದಲಿನ ಹಾಗೇ ಮಾಡ್ತಿದ್ರು. ಮೂರನೇದು ಸೊಸೈಟಿ. ಕಾರ್ಯದರ್ಶಿಗಳು ಊಟ ಆದ್ಮೇಲೆ ಮಲಗೋರು. ಮೀಟಿಂಗಲ್ಲಿದಾರೆ ಅಂತ ಹೇಳೋದು ನನ್ನ ಕೆಲಸ. ಒಂದಿನ ಗೊರಕೆ ಆಚೆಗೆ ಕೇಳಿಸ್ತು. ಮೀಟಿಂಗು ಜೋರಾಗಿ ನಡೀತಿದೆ ಅಂದೆ."

ರಾಮಯ್ಯನವರು ಟವೆಲ್ಲನ್ನು ಬಾಯಿಗೆ ಅಡ್ಡ ಹಿಡಿದರು. ವತ್ಸಲಾಳ ಮುಖದಲ್ಲಿ ಏನೂ ಇರಲಿಲ್ಲ. ಅದರಿಂದ ಅವರಿಗೆ ನಗು ಇನ್ನೂ ಹೆಚ್ಚಾಯಿತು.

ರಾಯರು ಗಂಟಲು ಸರಿಮಾಡಿಕೊಂಡರು. "ನಾಲ್ಕನೇದರ ವಿಷಯ ನಾನು ಹೇಳ್ತೀನಿ ರಾಮಯ್ಯನವರೇ. ಈಕೆ..."

"ಅದಕ್ಕೆ ಮುಂಚೆ ಸಾರ್," ವತ್ಸಲಾ ಎದ್ದು ನಿಂತಳು, "ಇದು ನಿಮ್ಮ ಛತ್ರಿ. ನಮ್ಮ ಮನೆಯವರು ಇಸ್ಕೊಂಡಿದ್ರು. ಅವರು ಹೋಗಿಬಿಟ್ರು."

ರಾಯರು ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ತಳ್ಳಿದರು.

"ಅಯ್ಯೋ... ಪಾಪ. ಅದೇನೂ ಬೇಡ, ಇಟ್ಕೊಳ್ಳಿಯಮ್ಮ."

"ಇಟ್ಕೊಳ್ಳೋ ಹಾಗಿಲ್ಲ ಸಾರ್. ದಿನಾ ಬೆಳಗಿನ ಜಾವ ಕನಸಲ್ಲಿ ಬರ್ತಾರೆ. ಛತ್ರಿ ಕೊಟ್ಯಾ, ಇಲ್ಲ ನಾನೇ ವಿಜಯನಗರಕ್ಕೆ ಹೋಗಿ ಕೊಡಲಾ, ಅಂತಾರೆ."

ಅವಳಿಗೆ ಕನಸು ಒಂದೂ ಬಿದ್ದಿರಲಿಲ್ಲ. ಬೀಳಲಿ ಎಂದು ಕಾದು ಮಲಗುತ್ತಿದ್ದಳು.

"ಕೊಡಿ ಕೊಡಿ!" ರಾಯರು ಎರಡೂ ಕೈ ಚಾಚಿದರು.

"ಒಳಗೆ ಕಹಿ ಇಟ್ಕೊಂಡು ತಗೊಂಡ್ರೆ ಸಲ್ಲಲ್ಲ ಅಂತಾರೆ ನಮ್ಮತ್ತೆ. ನಿಮಗೂ ಗೊತ್ತಿರುತ್ತಲ್ಲ ಸಾರ್."

ಗೊತ್ತಿತ್ತು. ರಾಯರ ಹಣೆಯ ಮೇಲೆ ಬೆವರು ಮೂಡಿತು. ರಾಮಯ್ಯನವರು ಗೌರವದಿಂದ ಟವೆಲ್ಲನ್ನು ಹೆಗಲಿನಿಂದ ತೆಗೆದರು. ಅವರ ಕಣ್ಣು ಮಾತ್ರ ಕುಣಿಯುತ್ತಿತ್ತು.

"ಅಂಗಾದ್ರೆ ಸರಿಯಾಗಿ ಹೇಳ್ಬುಡಿ ರಾಯ್ರೇ. ಅರ್ಧಂಬರ್ಧ ಹೇಳಿ ಆವಯ್ಯ ತಿರ್ಗಾ ಬಂದ್ರೆ ಕಷ್ಟ. ಈ ಹೆಣ್ಮಗಳ ಮೇಲೆ ನಿಮ್ಗೆ ಏನಾರ ಐತಾ?"

"ಏನೂ ಇಲ್ಲ."

"ಪಾಠ ಎಂಗೆ ಮಾಡ್ತಿತ್ತು?"

ರಾಯರು ಬಾಗಿಲ ಕಡೆಗೊಮ್ಮೆ ನೋಡಿದರು. "ಚೆನ್ನಾಗಿ ಮಾಡ್ತಿದ್ರು" ಎಂದರು. ಹೇಳಿದ ಮೇಲೆ, ಅದು ನಿಜವೆಂದು ಅವರಿಗೇ ನೆನಪಾದಂತೆ ಕಂಡಿತು. "ಮಕ್ಕಳು ನಿದ್ದೆ ಮಾಡ್ತಿರಲಿಲ್ಲ."

"ಸಾಕು ಬುಡಿ. ಸೋಮವಾರದಿಂದ ಬಾ ತಾಯಿ. ನಮ್ಮ ಹತ್ರ ಎಷ್ಟು ದಿನ ಇರ್ತೀಯೋ ನೋಡೇಬುಡ್ತೀನಿ."

ಇನ್ನು ಕೊಡುವುದೊಂದೇ ಉಳಿದಿತ್ತು. ರಾಯರು ಛತ್ರಿಯ ತುದಿಯನ್ನು ಹಿಡಿದು ಕಣ್ಣು ಮುಚ್ಚಿದರು. "ಮನಸಾರೆ ತಗೊಂಡೆ. ಏನೂ ಕಹಿ ಇಲ್ಲ" ಎಂದರು.

ಛತ್ರಿ ಅವರ ಕಡೆಗೆ ಹೋಗಲಿಲ್ಲ.

ರಾಯರು ಕಣ್ಣು ಬಿಟ್ಟು ನೋಡಿದರು. ವತ್ಸಲಾಳೂ ನೋಡಿದಳು. ಅವಳ ಕೈ ಹಿಡಿಯ ರಬ್ಬರನ್ನು ಬಿಗಿಯಾಗಿ ಹಿಡಿದಿತ್ತು. ನಾಣಿ ಅದನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಬಿಗಿದಿದ್ದ. ಒಂದು ಕಡೆ ಹಲ್ಲಿನ ಗುರುತು ಬೆರಳಿಗೆ ಸಿಗುತ್ತಿತ್ತು.

"ಕೊಡಮ್ಮ," ಎಂದರು ರಾಯರು, ಈ ಸಲ ಮೆಲ್ಲಗೆ.

"ಈಗ ಬಿಚ್ಚಿಕೊಳ್ಳುತ್ತೆ ಸಾರ್," ಎಂದಳು ವತ್ಸಲಾ. ದನಿ ಒಡೆದಿತ್ತು. "ಅವರು ಸರಿಮಾಡಿದಾರೆ."

ಆಮೇಲೆ, ಒಂದೊಂದಾಗಿ ಬೆರಳು ಸಡಿಲಿಸಿ, ಕೊಟ್ಟಳು.